ಕೆಂಪು ಗೆರೆಯ ಡಬ್ಬಿ

ಸಿಗರೇಟು ಸೇದುವುದಿಲ್ಲ ಎಂದು ಹೇಳಿದ್ದಕ್ಕೆ ಬಾಡಿಗೆ ರೂಮು ಕೈತಪ್ಪುವ ಸ್ಥಿತಿ ಬಂದದ್ದು ಇಡೀ ಬೆಂಗಳೂರಿನಲ್ಲಿ ನನಗೊಬ್ಬನಿಗೇ ಇರಬೇಕು.

ನಲವತ್ತೆರಡನೆಯ ಇಸವಿ, ಮಳೆಗಾಲ ಇನ್ನೇನು ಶುರುವಾಗುವುದರಲ್ಲಿತ್ತು. ಯುದ್ಧದ ಕಾಲವಾದ್ದರಿಂದ ದಂಡಿನ, ಅಂದರೆ ಕಂಟೋನ್ಮೆಂಟಿನ, ತುಂಬಾ ಸೋಲ್ಜರುಗಳು, ಆಫೀಸರುಗಳು. ಒಂದು ಕೊಟ್ಟಿಗೆ ಖಾಲಿಯಿದೆ ಎಂದರೂ ಹತ್ತು ಜನ ಓಡಿಬರುತ್ತಿದ್ದರು. ನಾನು ಆಗಷ್ಟೇ ಬ್ಲ್ಯಾಕ್‌ಪಲ್ಲಿಯಲ್ಲಿ, ಈಗ ಶಿವಾಜಿನಗರ ಅನ್ನುತ್ತೇವಲ್ಲ ಅಲ್ಲಿ, ಒಂದು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ್ದೆ. ರಿಚರ್ಡ್ಸ್ ಟೌನಿನ ಕೊನೆಗೆ, ಲಿಂಗರಾಜಪುರದ ಹೊಲಗಳು ಶುರುವಾಗುವ ಕಡೆ, ಒಬ್ಬ ಟೀಚರಮ್ಮನ ಮನೆಯ ಹಿಂದೆ ಹೆಂಚಿನ ರೂಮೊಂದು ಖಾಲಿಯಿದೆ ಎಂದು ಯಾರೋ ಹೇಳಿದರು. ಹೋಗಿ ಬಾಗಿಲು ತಟ್ಟಿದೆ.

ಬಾಗಿಲು ತೆರೆದವರು ಎತ್ತರದ, ಸಣಕಲು ಹೆಂಗಸು. ನಲವತ್ತು ದಾಟಿದ ವಯಸ್ಸು, ಉಕ್ಕಿನ ಫ್ರೇಮಿನ ಕನ್ನಡಕ, ಬಳೆಗೆ ನೇತುಹಾಕಿಕೊಂಡ ಸೇಫ್ಟಿ ಪಿನ್ನುಗಳ ಗೊಂಚಲು. ಊರು, ಕೆಲಸ, ಜಾತಿ ಏನನ್ನೂ ಕೇಳಲಿಲ್ಲ.

"ಸಿಗರೇಟು, ಬೀಡಿ ಏನಾದ್ರೂ ಸೇದ್ತೀರಾ?"

"ಛೆ ಛೆ, ಮುಟ್ಟೋದೂ ಇಲ್ಲ," ಅಂದೆ. ಜೇಬಿನಲ್ಲಿ ಅರ್ಧ ಪ್ಯಾಕೆಟ್ಟು ಬೆಚ್ಚಗೆ ಕೂತಿತ್ತು.

"ಹಾಗಾದ್ರೆ ನೀವು ಆಗಲ್ಲ," ಎಂದು ಅವರು ಬಾಗಿಲು ಮುಂದಕ್ಕೆ ಮಾಡಿದರು.

ನನಗೆ ಗಾಬರಿಯಾಯಿತು. ಸಂದಿಯಲ್ಲಿ ಕಾಲಿಟ್ಟು, "ಸ್ವಲ್ಪ ಸೇದ್ತೀನಿ ಮೇಡಂ," ಅಂದೆ.

"ಸ್ವಲ್ಪ ಅಂದ್ರೆ ಎಷ್ಟು?"

"ದಿನಕ್ಕೆ ಹತ್ತು."

"ಮೊದ್ಲೇ ನಿಜ ಹೇಳೋಕೆ ಏನಾಗಿತ್ತು ಮಿಸ್ಟರ್? ಬನ್ನಿ ಒಳಗೆ, ಕಾಫಿ ಕುಡಿಯೋರಂತೆ."

ಆವತ್ತಿನಿಂದ ಕೊನೆಯವರೆಗೂ ಅವರಿಗೆ ನಾನು 'ಮಿಸ್ಟರ್'. ನನಗೆ ಮೂರು ಮೊಮ್ಮಕ್ಕಳಾದ ಮೇಲೂ ಮಿಸ್ಟರೇ. ಹೋದ ತಿಂಗಳು ಅವರು ತೀರಿಕೊಂಡರು. ಎಂಬತ್ತು ದಾಟಿತ್ತು, ನರಳದೆ ಹೋದರು, ದುಃಖಪಡುವ ಸಾವೇನಲ್ಲ ಎಂದು ಎಲ್ಲರೂ ನನಗೇ ಸಮಾಧಾನ ಹೇಳಿದರು. ಆದರೂ ಮೂರು ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರು. ಮಕ್ಕಳಿರಲಿಲ್ಲ. ಗಂಡ ಮಿಲಿಟರಿ ಆಸ್ಪತ್ರೆಯ ಕಾಂಪೌಂಡರು, ಹಿಂದಿನ ವರ್ಷ ಮಲಯಾ ಕಡೆಗೆ ಹೋದವರು. ಸಿಂಗಾಪುರ ಬಿದ್ದ ಮೇಲೆ ಅವರ ಕಾಗದ ನಿಂತುಹೋಗಿತ್ತು. ಇದ್ದಾರೋ ಇಲ್ಲವೋ ಹೇಳುವವರಿರಲಿಲ್ಲ. ಕೊನೆಯ ಕಾಗದದಲ್ಲಿ ಅವರು ಬರೆದಿದ್ದರಂತೆ: "ಇಲ್ಲಿ ಪೈಪಿನ ತಂಬಾಕು ಪೂರಾ ಮುಗಿದಿದೆ. ನಾನು ಬಂದ ದಿನ ಕಾಫಿಗಿಂತ ಮುಂಚೆ ಒಂದು ತುಂಬಿದ ಡಬ್ಬಿ ನನ್ನ ಮುಂದೆ ಇಡಬೇಕು." ಯಾರೋ ಬಿಳಿ ಡಾಕ್ಟರ ಜೊತೆ ಸೇರಿ ಕಲಿತ ಪೈಪಿನ ಚಟ ಅದು.

ಇಡೋಣ ಎಂದರೆ ದಂಡಿನ ಅಂಗಡಿಗಳಲ್ಲಿ ವಿಲಾಯತಿ ತಂಬಾಕಿನ ಡಬ್ಬಿ ಬರುವುದೇ ನಿಂತಿತ್ತು. ಬೇರೆ ಹೆಂಗಸಾಗಿದ್ದರೆ ದೇವರಿಗೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದರು. ಟೀಚರಮ್ಮ ಬ್ಲ್ಯಾಕ್‌ಪಲ್ಲಿಯ ಹೊಗೆಸೊಪ್ಪಿನ ಸಾಹೇಬರ ಮಂಡಿಗೆ ಹೋಗಿ ಒಂದು ಚಿಟಿಕೆ ಬೀಜ ಕೇಳಿ ತಂದರು. "ಬೆಳೆದ ಮೇಲೆ ಎಲೆ ತಗೊಂಡು ಬನ್ನಿ ಅಮ್ಮಾ, ಹದ ಮಾಡೋದು ಹೇಳ್ಕೊಡ್ತೀನಿ," ಅಂದಿದ್ದರಂತೆ ಸಾಹೇಬರು. ಒಣಗಿಸುವುದನ್ನೂ ಇನ್ನೊಬ್ಬರಿಂದ ಹೇಳಿಸಿಕೊಳ್ಳಬೇಕೇ ಎಂದು ಇವರು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಸೇದಿ ನೋಡಿ ಹೇಳುವುದಕ್ಕೆ ಮಾತ್ರ ಅವರ ಹತ್ತಿರ ಬಾಯಿ ಇರಲಿಲ್ಲ. ಅದಕ್ಕೆ ನಾನು.

ಆ ಬೀಜ ಎಷ್ಟು ಸಣ್ಣದೆಂದರೆ ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು. ಬೂದಿಯಲ್ಲಿ ಬೆರೆಸಿ ಸಸಿಮಡಿಯಲ್ಲಿ ಚೆಲ್ಲಿದರು, ಸಸಿ ಬಂದ ಮೇಲೆ ಕಿತ್ತು ಹಿತ್ತಲಿನಲ್ಲಿ ಸಾಲಾಗಿ ನೆಟ್ಟರು. ಹಗ್ಗ ಹಿಡಿಯದೆ ನೆಟ್ಟ ಸಾಲು, ಒಂದು ಗಿಡ ಆಚೆ ಈಚೆ ಇರಲಿಲ್ಲ. ಬೋರ್ಡಿನ ಮೇಲೆ ಸ್ಕೇಲಿಲ್ಲದೆ ಗೆರೆ ಎಳೆಯುವ ಕೈ ಅದು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಂದೊಂದೇ ಎಲೆ ಮಗುಚಿ ಹಸಿರು ಹುಳು ಹೆಕ್ಕುತ್ತಿದ್ದರು. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಾಗಿ ಕೂರುತ್ತಿತ್ತು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಟೀಚರು ಕದ್ದು ಬೀಡಿ ಸೇದುತ್ತಾರೆ ಎಂದು ಹುಡುಗಿಯರ ನಡುವೆ ಗುಸುಗುಸು ಎದ್ದು, ಅದು ಹೆಡ್‌ಮಿಸ್ಟ್ರೆಸ್ ಕಿವಿಗೂ ಬಿತ್ತು. ಕರೆಸಿ ಕೇಳಿದ್ದಕ್ಕೆ ಇವರು, "ಸೇದಲ್ಲ ಮೇಡಂ, ಬೆಳೀತೀನಿ," ಎಂದು ಹೇಳಿ ಕ್ಲಾಸಿಗೆ ವಾಪಸು ಹೋದರಂತೆ.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಸ್ಟೆಪ್ಸ್ ತೋರ್ಸಿ." ಉತ್ತರ ಸರಿಯಿದ್ದರೆ ಸಾಲದು, ಅಲ್ಲಿಗೆ ಹೇಗೆ ಬಂದೆ ಎನ್ನುವುದನ್ನು ಹಂತಹಂತವಾಗಿ ತೋರಿಸಬೇಕು. ಹಾಲಿನವನು ತಡವಾಗಿ ಬಂದು, "ಹಸು ಒದ್ದುಬಿಡ್ತಮ್ಮ," ಅಂದರೆ, "ಯಾವಾಗ ಒದೀತು, ಆಮೇಲೆ ನೀನೇನ್ಮಾಡ್ದೆ, ಸ್ಟೆಪ್ಸ್ ಹೇಳು," ಅನ್ನುತ್ತಿದ್ದರು. ಪಾಪ, ಅವನು ಸುಳ್ಳನ್ನೂ ಹಂತಹಂತವಾಗಿ ಹೇಳುವುದನ್ನು ಕಲಿತುಕೊಂಡ. ನೂರಕ್ಕೆ ನೂರು ಅವರು ಯಾರಿಗೂ ಕೊಟ್ಟವರಲ್ಲ. ಎಲ್ಲ ಲೆಕ್ಕವೂ ಸರಿಯಿದ್ದ ಹುಡುಗಿಯೊಬ್ಬಳಿಗೆ ತೊಂಬತ್ತೊಂಬತ್ತು ಕೊಟ್ಟು, ಉತ್ತರದ ಕೆಳಗೆ ಗೆರೆ ಎಳೆದಿಲ್ಲ ಎಂದು ಒಂದು ಹಿಡಿದುಕೊಂಡಿದ್ದರಂತೆ. ಅವಳು ಅಜ್ಜಿಯಾದ ಮೇಲೂ ಆ ಒಂದು ಅಂಕವನ್ನು ಮರೆತಿರಲಿಲ್ಲ.

ಮೊದಲ ಬೆಳೆ ಕೈಗೆ ಬಂತು. ಎಲೆ ಕಿತ್ತು ತಂದವರೇ ಟೀಚರಮ್ಮ ಏನು ಮಾಡಿದರು ಗೊತ್ತೇ? ಹಳೆಯ ಸೀರೆ ಹಾಸಿ, ತಾರಸಿಯ ಮೇಲೆ, ಸುಡುವ ಬಿಸಿಲಿಗೆ ಹರವಿಬಿಟ್ಟರು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವನ್ನೂ ನಮ್ಮ ಹೆಂಗಸರು ಒಣಗಿಸುವುದು ಹಾಗೇ ಅಲ್ಲವೇ? ಕಾಗೆ ಬರದ ಹಾಗೆ ಕಪ್ಪು ಕೊಡೆಯನ್ನೂ ಬಿಚ್ಚಿಟ್ಟಿದ್ದರು. ನಾಲ್ಕೇ ದಿನದಲ್ಲಿ ಎಲೆ ಹಸಿರು ಹಸಿರಾಗೇ ಗರಿಗರಿಯಾಯಿತು. ಅದನ್ನು ಪುಡಿ ಮಾಡಿ ಬೆಲ್ಲದ ನೀರು ಚಿಮುಕಿಸಿ, ಒಂದು ಭಾನುವಾರ ಸಂಜೆ ವರಾಂಡದಲ್ಲಿ ನನ್ನ ಮುಂದೆ ಇಟ್ಟರು. ಪಕ್ಕದಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಒಂದು ಪೈಪು. ಗಂಡನ ಪೈಪನ್ನು ಮುಟ್ಟುವ ಹಾಗಿರಲಿಲ್ಲ. ಅವರು ಒಂದನ್ನು ಜೊತೆಗೆ ಒಯ್ದು ಇನ್ನೊಂದನ್ನು ಬಿಟ್ಟುಹೋಗಿದ್ದರು, ಅದು ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿತ್ತು.

ಪೈಪು ಹಚ್ಚಿ ಎರಡು ದಮ್ಮು ಎಳೆದೆ. ಅಪ್ಪಾ! ಹಸೀ ಹುಲ್ಲಿಗೆ ಬೆಂಕಿ ಹಾಕಿ ಆ ಹೊಗೆಯನ್ನು ಮೆಣಸಿನಕಾಯಿಯ ಜೊತೆ ನುಂಗಿದ ಹಾಗಾಯಿತು. ನಾಲಿಗೆ ಚುರುಗುಟ್ಟಿತು, ವರಾಂಡದ ಕಂಬಗಳು ಒಂದು ಸುತ್ತು ತಿರುಗಿದವು. ಕಣ್ಣು ತೆರೆದು ನೋಡಿದರೆ ಟೀಚರಮ್ಮ ಮೊಣಕಾಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಕೆಂಪು ಪೆನ್ಸಿಲ್ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆಯ ರಿಸಲ್ಟಿಗೆ ಕಾದ ಹುಡುಗಿಯ ಮುಖ ಹೇಗಿರುತ್ತದೋ ಹಾಗಿತ್ತು. ನಾಲ್ಕು ತಿಂಗಳು ಹುಳು ಹೆಕ್ಕಿದ ಬೆರಳುಗಳು ಕಪ್ಪಗಿದ್ದವು. ಇಂಥ ಮುಖಕ್ಕೆ ಯಾವ ಪಾಪಿ ನಿಜ ಹೇಳುತ್ತಾನೆ?

"ಚೆನ್ನಾಗಿದೆ ಮೇಡಂ. ಎಂಬತ್ತು ಕೊಡ್ಬಹುದು."

"ಸ್ಟೆಪ್ಸ್?"

"ಸುವಾಸನೆ ಇದೆ. ಸ್ವಲ್ಪ ಗಾಟು, ಅಷ್ಟೇ. ಗಂಡಸರಿಗೆ ಅದೇ ಬೇಕು."

ಅವರು ಬರೆದುಕೊಂಡರು. ನಾನು ಹಿತ್ತಲಿಗೆ ಹೋಗಿ ಹಲಸಿನ ಮರ ತಬ್ಬಿಕೊಂಡು ಬಹಳ ಹೊತ್ತು ನಿಂತಿದ್ದೆ. ಟೀಚರಮ್ಮ ಬಿಸ್ಕತ್ತಿನ ತಗಡಿನ ಡಬ್ಬಿಗೆ ಅದನ್ನು ಒತ್ತಿ ತುಂಬಿ, ಮುಚ್ಚಳದ ಸುತ್ತ ಮೇಣದಬತ್ತಿ ಕರಗಿಸಿ ಸುರಿದು, ಮೇಲೆ ಇಸವಿ ಬರೆದು ಗಂಡನ ಫೋಟೋದ ಕೆಳಗಿಟ್ಟರು. ಮಾರನೆಯ ವರ್ಷವೂ ಇದೇ ಕಥೆ. ಒಮ್ಮೆ ಎಂಬತ್ತು ಅಂದವನು ಕೆಳಗಿಳಿಯುವುದು ಹೇಗೆ? ಎಂಬತ್ತೈದು ಕೊಟ್ಟೆ. ಇನ್ನೊಬ್ಬರ ತಪ್ಪು ಹುಡುಕುವುದೇ ನನ್ನ ಕೆಲಸ, ಅಚ್ಚುಕೂಟದಲ್ಲಿ ಒಂದು ಕೊಂಬು ಬಿಟ್ಟುಹೋಗಿದ್ದರೆ ಅಚ್ಚಿನ ಮೊಳೆ ಜೋಡಿಸುವವರ ಮೇಲೆ ಹಾರಾಡುತ್ತಿದ್ದೆ. ಇಲ್ಲಿ ಮಾತ್ರ ನಾಚಿಕೆಯಿಲ್ಲದೆ ಬುರುಡೆ ಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಮನುಷ್ಯ ವಾಪಸು ಬರುತ್ತಾರೆಂದು ನಾನು ನಂಬಿರಲಿಲ್ಲ. ಬರದವರಿಗಾಗಿ ತುಂಬಿಟ್ಟ ಡಬ್ಬಿ ಚೆನ್ನಾಗಿದ್ದರೇನು, ಕೆಟ್ಟಿದ್ದರೇನು, ಆಕೆಗೆ ಸಮಾಧಾನವಾದರೆ ಸಾಕು ಎಂದುಕೊಂಡಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ವರ್ಷದ ನಡುವೆ ಒಂದು ಕಾರ್ಡು ಬಂತು. ಎಲ್ಲೆಲ್ಲೋ ಸುತ್ತಿ, ಮುದ್ರೆಯ ಮೇಲೆ ಮುದ್ರೆ ಬಿದ್ದು, ಬರೆದು ಒಂದು ವರ್ಷವಾದ ಮೇಲೆ ತಲುಪಿದ ಕಾರ್ಡು. ಸೆರೆಯಾಗಿದ್ದೇನೆ, ಆರೋಗ್ಯವಾಗಿದ್ದೇನೆ ಎಂದು ದಪ್ಪಕ್ಷರದಲ್ಲಿ ಎರಡು ಸಾಲು, ಕೆಳಗೊಂದು ಸಹಿ. ಟೀಚರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಯ ಅಕ್ಷರದ ಬಾಲವನ್ನು ನನಗೆ ತೋರಿಸಿದರು.

"ನೋಡಿ ಮಿಸ್ಟರ್, ಈ ಬಾಲ ಇವ್ರದ್ದೇ. ಬೇರೆ ಯಾರೂ ಹೀಗೆ ಎಳೆಯೋಕಾಗಲ್ಲ." ಆಮೇಲೆ ಫೋಟೋದ ಕಡೆ ತಿರುಗಿ, "ಎರಡು ಡಬ್ಬಿ ತುಂಬಿಟ್ಟಿದೀನಿ, ಬರ್ಲಿ," ಅಂದರು.

ಮನುಷ್ಯ ಬದುಕಿದ್ದಾರೆ. ಬರುತ್ತಾರೆ. ಬಂದು ಕಾಫಿಗಿಂತ ಮುಂಚೆ ಆ ಡಬ್ಬಿ ತೆಗೆಯುತ್ತಾರೆ. ಎರಡು ದಿನ ಒದ್ದಾಡಿ, ಭಾನುವಾರ ವರಾಂಡಕ್ಕೆ ಹೋಗಿ ನಿಂತೆ.

"ಮೇಡಂ, ನಾನು ಕೊಟ್ಟ ಎಂಬತ್ತು ಸುಳ್ಳು. ಎಂಬತ್ತೈದೂ ಸುಳ್ಳು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಮತ್ತೆ ಎಷ್ಟು?"

"ಸೊನ್ನೆ. ಎರಡಕ್ಕೂ."

"ಸ್ಟೆಪ್ಸ್ ಹೇಳಿ."

ಹೇಳಿದೆ. ಹಸಿಹುಲ್ಲು, ನಾಲಿಗೆಯ ಉರಿ, ತಿರುಗಿದ ಕಂಬಗಳು, ಹಲಸಿನ ಮರ, ಒಂದನ್ನೂ ಬಿಡಲಿಲ್ಲ. ಅವರು ಒಂದೊಂದನ್ನೂ ಬರೆದುಕೊಂಡು ಪೆನ್ಸಿಲ್ ಕೆಳಗಿಟ್ಟರು.

"ನನಗೆ ಬೇಜಾರಾಗ್ಬಾರ್ದು ಅಂತ ಸುಳ್ಳು ಹೇಳಿದ್ರಿ, ಸರಿ. ಅವ್ರು ಬಂದು ಇದನ್ನ ಬಾಯಿಗಿಟ್ಟಿದ್ರೆ ಯಾರಿಗ್ರೀ ಬೇಜಾರಾಗ್ತಿತ್ತು?" ನೋಟ್‌ಬುಕ್ ಮುಚ್ಚಿದರು. "ಎರಡು ವರ್ಷ ಮಿಸ್ಟರ್. ಎರಡು ಬೆಳೆ," ಅಂದರು.

ಎಂಟು ದಿನ ನನ್ನ ಜೊತೆ ಮಾತಿಲ್ಲ. ಬೆಳಗಿನ ಕಾಫಿ ಮಾತ್ರ ತಪ್ಪದೆ ಕಿಟಕಿಯ ಕಟ್ಟೆಯ ಮೇಲೆ ಬಂದು ಕೂರುತ್ತಿತ್ತು, ಕಿಟಕಿಯಾಚೆ ಮುಖ ಇರುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರೂಮು ಖಾಲಿ ಮಾಡೋಣ ಎಂದು ಟ್ರಂಕು ಕೂಡ ಎಳೆದಿಟ್ಟೆ. ಒಂಬತ್ತನೆಯ ದಿನ ಬಾಗಿಲಿಗೆ ಬಂದು, ಆ ಟ್ರಂಕನ್ನು ನೋಡಿಯೂ ನೋಡದವರ ಹಾಗೆ, "ಹೊರಡಿ, ಸಾಹೇಬ್ರ ಮಂಡಿಗೆ ಹೋಗೋಣ," ಅಂದರು.

ಸಾಹೇಬರು ಮೊದಲ ಡಬ್ಬಿಯ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿ, ಮುಖ ಕಿವುಚಿದರು.

"ಅರೆ, ಇದನ್ನ ಎಲ್ಲಿ ಒಣಗಿಸಿದ್ರಿ ಅಮ್ಮಾ?"

"ತಾರಸಿ ಮೇಲೆ. ಬಿಸಿಲಲ್ಲಿ."

"ತೌಬಾ ತೌಬಾ. ಇದೇನ್ ಹಪ್ಳಾನಾ? ಕಿತ್ತ ಎಲೆಗೆ ಒಂದೇ ಸಲ ಬಿಸ್ಲು ಹೊಡೆದ್ರೆ ಹಸಿರಾಗೇ ಸತ್ಹೋಗತ್ತೆ, ಒಳಗಿನ ವಿಷ ಹಂಗೇ ನಿಂತ್ಕೊಳ್ಳತ್ತೆ. ಕೆಳಗಿನ ಎಲೆ ಮೊದ್ಲು ಹಣ್ಣಾಗತ್ತೆ, ಅದನ್ನ ಮೊದ್ಲು ಕೀಳಿ. ದಾರಕ್ಕೆ ಪೋಣಿಸಿ ನೆರಳಲ್ಲಿ ತೂಗುಹಾಕಿ, ಗಾಳಿ ಆಡ್ಲಿ. ನಿಧಾನಕ್ಕೆ ಹಳದಿ ಆಗತ್ತೆ, ಆಮೇಲೆ ಕಂದು."

"ಎಷ್ಟು ದಿನ?"

"ದಿನ ಹೇಳೋಕಾಗಲ್ಲ. ಅದು ಎಲೆ ಹೇಳ್ಬೇಕು."

ಲೆಕ್ಕದ ಟೀಚರಿಗೆ ಇದು ಉತ್ತರವೇ ಅಲ್ಲ. ನೋಟ್‌ಬುಕ್ಕಿನಲ್ಲಿ 'ದಿನ = x' ಎಂದು ಬರೆದುಕೊಂಡರು. ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ಗೊಣಗುತ್ತಿದ್ದರು: "ನಾನೇ ಸ್ಟೆಪ್ ಬಿಟ್ಟಿದೀನಿ. ಮೊದ್ಲೇ ಬಂದು ಕೇಳ್ಬೇಕಿತ್ತು." ನನ್ನ ಮೇಲಿನ ಸಿಟ್ಟು ಅರ್ಧ ಇಳಿದದ್ದು ಆಗಲೇ ಇರಬೇಕು.

ಹಳೆಯ ಎರಡು ಡಬ್ಬಿಗಳನ್ನು ತಿಪ್ಪೆಗೆ ಹಾಕಿಬರಲೇ ಎಂದು ಕೇಳಿದೆ. ಗದರಿಸಿದರು. "ತಪ್ಪು ಲೆಕ್ಕಾನ ಅಳಿಸ್ಬಾರ್ದು ಮಿಸ್ಟರ್. ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಲೆಕ್ಕ ಮಾಡ್ಬೇಕು." ಎರಡೂ ಡಬ್ಬಿಗಳ ಮೇಲೆ ಕೆಂಪು ಬಣ್ಣದಿಂದ ಅಡ್ಡಗೆರೆ ಎಳೆದು, ಇದ್ದ ಜಾಗದಲ್ಲೇ ಇಟ್ಟರು.

ಆ ವರ್ಷದ ಬೆಳೆಯಲ್ಲಿ ಅವರು ಹೂವಿನ ಕುಡಿ ಚಿವುಟಿದರು. ಹಿಂದಿನ ಎರಡು ವರ್ಷ ಆ ನಸುಗೆಂಪು ಹೂವನ್ನು ನೋಡಿ ಮನಸ್ಸು ಬರದೆ ಬಿಟ್ಟಿದ್ದರು, ಸತ್ವವೆಲ್ಲ ಹೂವಿಗೇ ಹೋಗಿತ್ತು. ಎಲೆ ತೂಗುಹಾಕಲು ನೆರಳೂ ಗಾಳಿಯೂ ಎರಡೂ ಇದ್ದ ಜಾಗ ಆ ಮನೆಯಲ್ಲಿ ಒಂದೇ, ನನ್ನ ರೂಮು. ಹೆಂಚಿನ ಕೆಳಗೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಎಲೆ ಪೋಣಿಸಿದರು. ತಲೆ ಬಗ್ಗಿಸದೆ ನಾನು ಓಡಾಡುವ ಹಾಗಿರಲಿಲ್ಲ. ನನ್ನ ಶರಟು, ದಿಂಬು, ಕೊನೆಗೆ ಅಚ್ಚುಕೂಟದ ಪ್ರೂಫು ಕೂಡ ಹೊಗೆಸೊಪ್ಪು ನಾರುತ್ತಿದ್ದವು. ಶಿಕ್ಷೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ದಿನಾ ಸಂಜೆ ಬಂದು ಒಂದೊಂದು ಎಲೆಯನ್ನೂ ಮುಟ್ಟಿ ನೋಡುತ್ತಿದ್ದರು. ಎಲೆ ಹಳದಿಯಾಯಿತು, ಅಂಚು ಕೆಂಪಗಾಯಿತು, ನಿಧಾನಕ್ಕೆ ಪೂರ್ತಿ ಕಂದಾಯಿತು. ಒಣಹುಲ್ಲಿನ ವಾಸನೆ ಹೋಗಿ ಅಂಜೂರದ ವಾಸನೆ ಬಂತು. ಬೆಲ್ಲ ಸಿಗುವುದೇ ಕಷ್ಟವಾಗಿದ್ದ ಕಾಲ, ಟೀಚರಮ್ಮ ತಿಂಗಳುಗಟ್ಟಲೆ ಸಪ್ಪೆ ಕಾಫಿ ಕುಡಿದು ಅಷ್ಟಿಷ್ಟು ಉಳಿಸಿದ್ದರು. ಅದನ್ನು ಕರಗಿಸಿ ಎಲೆಗೆ ಸವರಿ, ಪದರ ಪದರವಾಗಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಒರಳಿನ ಗುಂಡು ಹೇರಿ ವಾರಗಟ್ಟಲೆ ಬಿಟ್ಟರು. ಇಡ್ಲಿಗೆ ರುಬ್ಬಲು ಗುಂಡಿಲ್ಲದೆ ಅಷ್ಟು ದಿನ ನಮಗೆ ಉಪ್ಪಿಟ್ಟೇ ಗತಿಯಾಯಿತು.

ಈ ಸಲ ನಾನು ನಿಜವನ್ನೇ ಹೇಳಿದೆ. ಮೊದಲ ಭಾನುವಾರ ಮೂವತ್ತೈದು. ಮತ್ತೆ ಒತ್ತಿ ಇಟ್ಟು ತಿಂಗಳು ಬಿಟ್ಟು ತೆಗೆದಾಗ ಐವತ್ತೆರಡು. ಕೊನೆಗೆ ಎಪ್ಪತ್ತೊಂದು.

"ಇಪ್ಪತ್ತೊಂಬತ್ತು ಎಲ್ಲಿ ಹೋಯ್ತು?"

"ಕೊನೇಲಿ ಸ್ವಲ್ಪ ಕಹಿ ಇದೆ ಮೇಡಂ."

"ಇರ್ಲಿ. ಎಪ್ಪತ್ತೊಂದು ಫಸ್ಟ್ ಕ್ಲಾಸು," ಎಂದು ನಕ್ಕರು. ಅಷ್ಟು ದಿನಗಳಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದು ಆಗಲೇ. ಮೂರನೆಯ ಡಬ್ಬಿ ಫೋಟೋದ ಕೆಳಗೆ, ಗೆರೆಯಿಲ್ಲದೆ, ಹೋಗಿ ಕೂತಿತು.

ಯುದ್ಧ ಮುಗಿದ ಮೇಲೆ ಮದರಾಸಿನಿಂದ ತಂತಿ ಬಂತು. ದಂಡಿನ ಸ್ಟೇಷನ್ನಿಗೆ ನಾವಿಬ್ಬರೂ ಹೋಗಿ ಜಟಕಾದಲ್ಲಿ ಟೀಚರಮ್ಮನ ಗಂಡನನ್ನು ಕರೆತಂದೆವು. ಫೋಟೋದಲ್ಲಿದ್ದ ಮನುಷ್ಯನ ಅರ್ಧವೂ ಉಳಿದಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಮುಂದಿನ ಎರಡು ಹಲ್ಲಿರಲಿಲ್ಲ, ಜೊತೆಗೊಯ್ದ ಪೈಪೂ ಇರಲಿಲ್ಲ. ವರಾಂಡದ ಕುರ್ಚಿಯಲ್ಲಿ ಕೂತರು. ಟೀಚರಮ್ಮ ಒಳಗೆ ಹೋಗಿ, ಕರ್ಚೀಫು ಬಿಚ್ಚಿ ಹಳೆಯ ಪೈಪನ್ನು ತಂದು ಅವರ ಮುಂದಿಟ್ಟರು. ಪಕ್ಕದಲ್ಲಿ ಮೂರನೆಯ ಡಬ್ಬಿ. ಕಾಫಿ ಇನ್ನೂ ಒಲೆಯ ಮೇಲಿತ್ತು.

ಅವರು ಡಬ್ಬಿಯನ್ನು ಮುಟ್ಟಿ ನೋಡಿದರು. ಆಮೇಲೆ ಕಣ್ಣು ಬಾಗಿಲಿನಾಚೆ, ಫೋಟೋದ ಕೆಳಗಿದ್ದ ಇನ್ನೆರಡರ ಮೇಲೆ ಹೋಯಿತು.

"ಅವೇನೇ?"

"ಅವು ಬೇಡ. ಕೆಟ್ಟಿವೆ. ಗೆರೆ ಎಳ್ದಿದೀನಿ ನೋಡಿ."

"ಮೊದಲ್ನೇದು ಯಾವಾಗಿಂದು?"

ಟೀಚರಮ್ಮ ಹೇಳಿದರು, "ನಿಮ್ಮ ಕಾಗದ ನಿಂತ ವರ್ಷದ್ದು."

"ಅದನ್ನೇ ಕೊಡು."

"ಬೇಡಾಂದ್ರೆ. ಮಿಸ್ಟರ್‌ನ ಕೇಳಿ, ಸೊನ್ನೆ ಕೊಟ್ಟಿದಾರೆ."

"ಅದನ್ನೇ ಕೊಡೇ," ಅಂದರು ಅವರು ಮೆಲ್ಲಗೆ.

ಕೊಟ್ಟರು. ಪೈಪು ತುಂಬಿ, ಕಡ್ಡಿ ಗೀರಿ ಎಳೆದರು. ಮುಂದಿನದು ನನಗೆ ಗೊತ್ತೇ ಇತ್ತು, ಕಣ್ಣು ಮುಚ್ಚಿಕೊಂಡೆ. ಬೆನ್ನು ಬಾಗುವ ಹಾಗೆ ಕೆಮ್ಮಿದರು, ಕಣ್ಣಿನಿಂದ ಧಾರಾಕಾರ ನೀರು. ಮತ್ತೆ ಬಾಯಿಗಿಟ್ಟು ಎಳೆದರು, ಮತ್ತೆ ಕೆಮ್ಮಿದರು. ಇಳಿಸಿಬಿಡಿ ಎಂದು ನಾನು ಕೈ ಚಾಚಿದರೆ ಕೊಡಲಿಲ್ಲ. ಬೂದಿಯಾಗುವವರೆಗೂ ಸೇದಿ, ತೋಳಿನಿಂದ ಕಣ್ಣೊರೆಸಿಕೊಂಡು ಹೆಂಡತಿಯ ಮುಖ ನೋಡಿ ಹೇಳಿದರು:

"ತುಂಬಾ ಚೆನ್ನಾಗಿದೆ ಕಣೇ."

ಈಗ 'ಸ್ಟೆಪ್ಸ್' ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಟೀಚರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಕಾಫಿ ತರ್ತೀನಿ," ಎಂದು ಒಳಗೆ ಹೋದವರು ಬಹಳ ಹೊತ್ತು ಆಚೆ ಬರಲಿಲ್ಲ. ಅದೇ ಸುಳ್ಳಿಗೆ ನನಗೆ ಎಂಟು ದಿನ ಮೌನ, ಈ ಮನುಷ್ಯನಿಗೆ ಕಾಫಿ! ಇದೆಂಥ ನ್ಯಾಯ ಎಂದು ಎಷ್ಟೋ ವರ್ಷ ಇಬ್ಬರನ್ನೂ ರೇಗಿಸಿದ್ದೇನೆ. ಗಂಡ ಆಮೇಲೆ ಮೂರನೆಯ ಡಬ್ಬಿಗೇ ಬಂದರು, ಹಿತ್ತಲಿನ ಬೆಳೆಯನ್ನೂ ತಾವೇ ವಹಿಸಿಕೊಂಡರು, ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ ಬದುಕಿದರು. ರೇಗಿಸಿದಾಗಲೆಲ್ಲ ಟೀಚರಮ್ಮ, "ನಿಮಗೆ ಲೆಕ್ಕ ಬರಲ್ಲ ಮಿಸ್ಟರ್, ಸುಮ್ನಿರಿ," ಅನ್ನುತ್ತಿದ್ದರು.

ಟೀಚರಮ್ಮನ ತಿಥಿಯ ದಿನ ಅವರ ತಂಗಿಯ ಮಗಳು ಆ ಹಳೆಯ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟಳು. ಮೇಲೆ 'ಮಿಸ್ಟರ್‌ಗೆ' ಎಂದು ಬರೆದಿತ್ತು. ಮೊದಲ ಪುಟ ತೆಗೆದೆ. ಮೊದಲ ಡಬ್ಬಿಯ ಎದುರು ನಾನು ಕೊಟ್ಟ ಎಂಬತ್ತು, ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಸೊನ್ನೆ, ಕೆಳಗೆ ನನ್ನ ಹಸಿಹುಲ್ಲು, ಹಲಸಿನ ಮರ ಎಲ್ಲವೂ ಇದ್ದವು. ಆ ಸೊನ್ನೆಯ ಮೇಲೂ ಒಂದು ಗೆರೆ ಎಳೆದಿತ್ತು, ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅದರ ಪಕ್ಕದಲ್ಲಿ ನೂರು ಎಂದು ಬರೆದು, ಕೆಳಗೆ ಅಡಿಗೆರೆ ಎಳೆದಿದ್ದರು.

ಸ್ಟೆಪ್ಸ್ ಕೂಡ ಇದ್ದವು. 'ಕೆಮ್ಮು, ಐದು ಸಲ. ಕಣ್ಣಲ್ಲಿ ನೀರು. ಪೈಪು ಪೂರ್ತಿ ಮುಗಿಸಿದರು.'